ರುಚಿ ನೋಡುವ ಪಾಠ

ನಮ್ಮ ಮನೆ ಕೊಪ್ಪಳದಲ್ಲಿ, ನನ್ನ ಅತ್ತೆಯ ತವರು ಇರಕಲ್ಲಗಡ. ಮನೆಯ ಸುತ್ತ ಕಿರಾಣಿ ಅಂಗಡಿಗಳು ಬೇಕಾದಷ್ಟಿದ್ದರೂ ಕಾಳು-ಕಡಿ ತರಲು ಅತ್ತೆಗೆ ತವರಿನ ಸಂತೆಯೇ ಆಗಬೇಕು. ನನ್ನ ಮಗಳಿಗೆ ಏಳು ವರ್ಷ ತುಂಬಿದ ಮೇಲೆ ಅವಳನ್ನೂ ಕರೆದೊಯ್ಯತೊಡಗಿದರು.

"ಸಾಲ್ಯಾಗ ಲೆಕ್ಕ ಕಲಸ್ತಾರ, ಇಂಗ್ಲಿಷ್ ಕಲಸ್ತಾರ. ಜ್ವಾಳ ಹೆಂಗ ನೋಡಬೇಕು ಅನ್ನೋದು ಯಾರು ಕಲಸ್ತಾರ?" ಎನ್ನುತ್ತಿದ್ದರು.

ಜೋಳ ಹಲ್ಲಿಗೆ ಕಟ್ ಎನ್ನಬೇಕು. ತೊಗರಿಬೇಳೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಬೇಕು. ಕುಸುಬೆ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಬೇಕು. ಬಾಯಿಗೆ ಹಾಕಿಕೊಳ್ಳದೆ ಯಾವುದನ್ನೂ ಚೀಲಕ್ಕೆ ಹಾಕುವಂತಿಲ್ಲ. ಮಾರುವವರೂ ಇದಕ್ಕೆ ಬೇಡವೆನ್ನುವುದಿಲ್ಲ. ಕೇಳುವ ಮೊದಲೇ ನಾಲ್ಕು ಕಾಳು ಮುಂದೆ ಚಾಚದ ವ್ಯಾಪಾರಿಯನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಅತ್ತೆ ತಂದ ಬೇಳೆಯಲ್ಲಿ ಒಂದು ಹುಳು ಕಂಡವರಿಲ್ಲ. ನಾನು ತಂದದ್ದಕ್ಕೆ ಮಾತ್ರ ಅವರು ಮೂಗು ಮುರಿಯುತ್ತಿದ್ದರು. ಆ ಮೂಗಿನ ಮೇಲೆ ನನಗೆ ಸಿಟ್ಟಿತ್ತು, ಹೊಟ್ಟೆಕಿಚ್ಚೂ ಇತ್ತು.

ಕಳೆದ ಬೇಸಿಗೆಯಲ್ಲಿ ಅವರು ಜ್ವರದಿಂದ ಮಲಗಿ ಎದ್ದರು. ಅದಾದ ಮೇಲೆ ಮನೆಯಲ್ಲಿ ಏನೋ ಸರಿಯಿಲ್ಲ ಎನಿಸತೊಡಗಿತು. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದರೆ ಅಡುಗೆಮನೆ ತುಂಬ ಗ್ಯಾಸಿನ ವಾಸನೆ. ಒಲೆ ಆರಿತ್ತು, ಗುಂಡಿ ತೆರೆದೇ ಇತ್ತು. ಅತ್ತೆ ಅದರ ಪಕ್ಕದಲ್ಲೇ ಕೂತು ನೆಮ್ಮದಿಯಾಗಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ನಾನು ಕಿಟಕಿ ತೆರೆದು ಕೂಗಾಡಿದೆ. "ನೆಗಡಿ ಆಗೇತಿ, ಗೊತ್ತಾಗಿಲ್ಲ ಬಿಡು" ಎಂದರು. ಅವರ ಮೂಗು ಒಣಗಿತ್ತು. ನೆಗಡಿಯ ಕುರುಹೇ ಇರಲಿಲ್ಲ.

ಆಮೇಲೆ ಅವರು ಸಾರು ಕುದಿಸುವಾಗ ಮಗಳನ್ನು ಕರೆದು, "ಉಪ್ಪು ಹೆಂಗೈತಿ ನೋಡವ್ವ" ಅನ್ನುತ್ತಿದ್ದರು. ಹಾಲು ಒಡೆದಿದೆಯೋ ಇಲ್ಲವೋ, ಅದನ್ನೂ ಅವಳೇ ಹೇಳಬೇಕು. ಪಾಠ ಸಂತೆಯಿಂದ ಅಡುಗೆಮನೆಗೂ ಬಂತು ಎಂದು ನಾನು ನಗಾಡಿದೆ. ಆದರೂ ಆ ಮಗು ಬಾಯಿಗೆ ಏನೇನು ಹಾಕಿಕೊಳ್ಳುತ್ತದೋ ಎಂಬ ಅಳುಕು ಎದೆಯಲ್ಲಿ ಕೂತುಬಿಟ್ಟಿತು. ಮುನಿರಾಬಾದಿನ ನನ್ನ ಕಚೇರಿಯಲ್ಲಿ ಕೂತಾಗಲೂ ಅದೇ ಯೋಚನೆ.

ಮುಂಗಾರು ಬಿತ್ತನೆ ಮುಗಿದ ಹೊತ್ತು. ಅವತ್ತು ಶಾಲೆಗೂ ನನ್ನ ಕಚೇರಿಗೂ ರಜೆ. ಅಜ್ಜಿ, ಮೊಮ್ಮಗಳು ಚೀಲ ಹಿಡಿದು ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಇವತ್ತ ಬ್ಯಾಡ್ರಿ ಅತ್ತಿ. ಸಾಮಾನು ಇಲ್ಲೇ ತರೋಣು."

"ನೀ ತಂದ ಬ್ಯಾಳಿ ಕುದಿಯೋದ್ರಾಗ ದೀಪಾವಳಿ ಬರ್ತೈತಿ" ಎಂದು ನಕ್ಕು, ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು.

ಸಂಜೆ ಬಂದಾಗ ಇಬ್ಬರ ಮುಖವೂ ಬಾಡಿತ್ತು. ಮಗಳು ಹೊಸ್ತಿಲ ಬಳಿಯೇ ಕುಸಿದು ಕೂತಳು. ಅತ್ತೆ ಹೊರಸಿನ ಮಂಚದ ಮೇಲೆ ಕೂತು ನೀರು ಕೇಳಿದರು. ನಾನು ನೀರು ಕೊಟ್ಟು ಚೀಲ ಬಿಚ್ಚಿದೆ. ಶೇಂಗಾ ಬೀಜದ ಗಂಟಿನಿಂದ ಘಾಟು ಮೂಗಿಗೆ ಬಡಿಯಿತು. ಹೊಲಕ್ಕೆ ಹೊಡೆಯುವ ಔಷಧದ ವಾಸನೆ. ಒದ್ದೆ ಕೈಯಲ್ಲಿ ಹಿಡಿದರೆ ಬೆರಳೆಲ್ಲ ಕೆಂಪಾಯಿತು. ನಾನೂ ಒಕ್ಕಲುತನದ ಮನೆಯವಳು, ಕೂಡಲೇ ತಿಳಿಯಿತು. ಅದು ಹುಳು ಹತ್ತದಂತೆ ವಿಷದ ಔಷಧ ಹಚ್ಚಿದ ಬಿತ್ತನೆ ಬೀಜ. ಬಿತ್ತಿ ಉಳಿದದ್ದನ್ನು ಯಾರೋ ತೊಳೆದು, ಒಣಗಿಸಿ ಸಂತೆಗೆ ತಂದಿದ್ದರು. ಶೇಂಗಾದ ಸಿಪ್ಪೆಯೇ ಕೆಂಪಾದ್ದರಿಂದ ಬಣ್ಣ ನೋಡಿದವರಿಗೆ ಅನುಮಾನ ಬರುವುದಿಲ್ಲ. ಮೂಗು ಇದ್ದವರಿಗೆ ಮಾತ್ರ ತಿಳಿಯುತ್ತದೆ.

ಮಗಳ ರಟ್ಟೆ ಹಿಡಿದು ಎಳೆದೆ. "ಎಷ್ಟು ತಿಂದಿ? ಖರೇ ಹೇಳು."

"ಒಂದ. ಅದನ್ನೂ ಉಗುಳೀನಿ."

ನಾನು ನಂಬಲಿಲ್ಲ. ಅವಳ ಬಾಯಿ ಬಿಡಿಸಿ ಮೂಸಿದೆ, ಹಣೆ ಮುಟ್ಟಿದೆ, ಗಂಡನನ್ನು ಕೂಗಿದೆ. ಅವರು ಓಣಿಯ ತುದಿಯ ಆಟೋ ಕರೆಯಲು ಓಡಿದರು. ಮನೆಯೆಲ್ಲ ಆ ಮಗುವಿನ ಸುತ್ತ ಸುತ್ತುತ್ತಿತ್ತು. ಅತ್ತೆ ಹೊರಸಿನಿಂದ, "ಶೇಂಗಾ ಛಲೋ ಅದಾವಲ್ಲ, ಯಾಕ ಒದರ್ತಿ?" ಎಂದರು. ಮಾತು ತೊದಲುತ್ತಿತ್ತು. ದಣಿವು ಎಂದುಕೊಂಡೆ.

"ಅವ್ವಾ, ಆಯಿ ಬಾಯಾಗಿಂದ ಜೊಲ್ಲು ಸುರ್ಯಾಕತ್ತೈತಿ" ಎಂದಳು ಮಗಳು.

ತಿರುಗಿ ನೋಡಿದೆ. ಅತ್ತೆಯ ಸೀರೆಯ ಸೆರಗು ಬೆವರಿಗೆ ತೊಯ್ದಿತ್ತು. ಕೈ ನಡುಗುತ್ತಿತ್ತು. ಅವರು ನನ್ನ ಕಡೆಗೇ ನೋಡುತ್ತಿದ್ದರೂ ನಾನು ಅವರಿಗೆ ಕಾಣುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಒಯ್ದರು. ಡಾಕ್ಟರು ಹೊರಗೆ ಬಂದು, ಏನು ತಿಂದರು, ಎಷ್ಟು ತಿಂದರು ಎಂದು ಕೇಳಿದರು. ನನಗೇನು ಗೊತ್ತು? ನನ್ನ ಹಿಂದೆ ನಿಂತಿದ್ದ ಮಗಳು ಉತ್ತರ ಕೊಟ್ಟಳು.

"ಬಸ್ಸಿನಾಗ ಭಾಳ ತಿಂದ್ಲ್ರಿ. ಮುಷ್ಟಿ ಮುಷ್ಟಿ ತಿಂದ್ಲು."

ಡಾಕ್ಟರು ಒಳಗೆ ಹೋದ ಮೇಲೆ ಅವಳನ್ನು ಬೆಂಚಿನ ಮೇಲೆ ಕೂಡಿಸಿಕೊಂಡೆ. "ಅಷ್ಟು ಘಾಟು ಆಯಿಗೆ ತಿಳೀಲಿಲ್ಲೇನು?"

"ಆಯಿಗೆ ವಾಸನಿ ಬರಂಗಿಲ್ಲವ್ವಾ. ರುಚಿನೂ ತಿಳಿಯಂಗಿಲ್ಲ, ಜ್ವರ ಬಂದಾಗಿಂದ. ನಿನ್ನ ಮುಂದ ಹೇಳಬ್ಯಾಡ ಅಂದಾಳ. ನಾ ತಿಂದು ಹೇಳ್ತೀನಿ, ಅಕಿ ತೊಗೊಂತಾಳ."

ಅವಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. "ಶೇಂಗಾ ಹೆಂಗಿದ್ವು?"

"ಕಹಿ ಇದ್ವು."

"ಮತ್ತ ಆಯಿಗೆ ಏನಂದಿ?"

"ಛಲೋ ಅದಾವು ಅಂದೆ." ಅವಳು ಅಳಲು ಶುರುಮಾಡಿದಳು. "ಕಹಿ ಅದಾವು ಅಂದ್ರ ಮತ್ತ ಸಂತಿ ಎಲ್ಲಾ ತಿರಗಸ್ತಿದ್ಲು. ನನ್ನ ಕಾಲು ನೋಯಾಕತ್ತಿದ್ವು."

ಒಳಗಿನಿಂದ ಅತ್ತೆ ವಾಂತಿ ಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

ಅತ್ತೆ ಬದುಕಿ ಮನೆಗೆ ಬಂದರು. ಸಂತೆ ಬಿಟ್ಟಿದ್ದಾರೆ. ಬಾಯಿರುಚಿ ಹೋದ ಗುಟ್ಟು ಈಗ ನಮಗೆಲ್ಲ ಗೊತ್ತು, ಆದರೆ ನಮ್ಮಲ್ಲಿ ಯಾರನ್ನೂ ಅವರು ಕೇಳುವುದಿಲ್ಲ. ತಟ್ಟೆಯ ಮುಂದೆ ಕೂತು ಮೊಮ್ಮಗಳ ಕಡೆಗೇ ಮುಖ ಎತ್ತುತ್ತಾರೆ. ಇವಳು ಒಂದು ತುತ್ತು ಬಾಯಿಗಿಟ್ಟು, ಏನೇ ಇರಲಿ, "ಕಹಿ ಐತಿ ಆಯಿ, ತಿನ್ನಬ್ಯಾಡ" ಎನ್ನುತ್ತಾಳೆ. ಪಾಯಸಕ್ಕೂ ಅದೇ ಮಾತು. ಕಹಿಯಿಲ್ಲ ಎಂದು ನಾನು ಎಷ್ಟು ಆಣೆ ಮಾಡಿದರೂ ಅತ್ತೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸುತ್ತಾರೆ. ಈಗ ಅವರ ಕೈಬಳೆಗಳು ಮೊಣಕೈವರೆಗೂ ಜಾರುತ್ತವೆ.