ಅಂಜನಾ ಕೊಟ್ಟ ಮಾತು

ಬನಶಂಕರಿ ಎರಡನೇ ಸ್ಟೇಜಿನ ಅಂಜನಾ ಏನು ಕೆಲಸ ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ, ಅವಳ ಅತ್ತೆ ಗಿರಿಜಾದೇವಿ ಇವತ್ತಿಗೂ "ಹೆಂಗಸರನ್ನ ಕೂಡಿಸಿ ಮಾತಾಡಿಸ್ತಾಳೆ" ಅನ್ನುತ್ತಾರೆ. ತಪ್ಪೇನಿಲ್ಲ. ಸೋಪು, ಎಣ್ಣೆ, ಬಿಸ್ಕತ್ತು ಮಾಡುವ ಕಂಪನಿಗಳಿಗೆ ಜನರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗಬೇಕು. ಅದಕ್ಕೆ ಏಳೆಂಟು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಿಗೆ ಎಳೆಯುತ್ತಾರೆ. ಫೋಕಸ್ ಗ್ರೂಪ್ ಅಂತ ಅದರ ಹೆಸರು. ಮಾತು ನಡೆಸುವವಳು ಅಂಜನಾ.

ಕಾಲೇಜು ಮುಗಿಸಿದ ಹೊಸದರಲ್ಲಿ ಅವಳು ಪ್ರಶ್ನೆಗಳ ಕಟ್ಟು ಹಿಡಿದು ಜಯನಗರದ ಮನೆಮನೆ ತಿರುಗಿದವಳು. ಗ್ರಿಲ್ಲಿನ ಹಿಂದಿನಿಂದಲೇ "ಏನೂ ಬೇಡಮ್ಮ" ಅನ್ನಿಸಿಕೊಂಡವಳು. ಯಾರೂ ಮೊದಲನೇ ಪ್ರಶ್ನೆಗೆ ನಿಜ ಹೇಳುವುದಿಲ್ಲ ಅಂತ ಆಗಲೇ ಕಲಿತಿದ್ದಳು. ಮೊದಲು ಕಾಫಿ ಆಗಬೇಕು, ಬಸ್ಸಿನ ರಶ್ಶು, ತರಕಾರಿ ರೇಟು ಬೈದಾಗಬೇಕು. ಆಮೇಲೆ ಸುಮ್ಮನೆ ಕೂತಿರಬೇಕು. ಆ ಸುಮ್ಮನಿರುವಿಕೆ ತಡೆಯಲಾರದೆ ಯಾರೋ ಒಬ್ಬರು ಬಾಯಿ ಬಿಡುತ್ತಾರೆ.

ಕಳೆದ ವರ್ಷ ಜೆಪಿ ನಗರದ ಒಂದು ಕಂಪನಿ ಹೊಸ ಪ್ಯಾಡ್ ತರಲು ಹೊರಟಿತ್ತು. ವಯಸ್ಸಾದ ಹೆಂಗಸರಿಗೆ ಕೆಮ್ಮಿದರೆ, ಸೀನಿದರೆ ಮೂತ್ರ ಹನಿಯುತ್ತದಲ್ಲ, ಅದಕ್ಕೆ. ಕೆಲಸ ಹಿಡಿದ ಸಂಶೋಧನಾ ಏಜೆನ್ಸಿಯ ಮಾಲೀಕ ಬಸವಪ್ರಸಾದ್ ಅಂಜನಾಗೆ ಫೋನ್ ಮಾಡಿದ. ಅವಳು ಒಪ್ಪಿದಳು. ಆದರೆ ಹಟ ಹಿಡಿದು ತನ್ನ ಲೆಕ್ಕದಲ್ಲೇ ಗ್ರೂಪ್ ಕೂಡಿಸಿದಳು. ಮನೆಯೊಡತಿಯರನ್ನೂ ಮನೆಕೆಲಸದವರನ್ನೂ ಒಟ್ಟಿಗೆ ಕೂರಿಸಲಿಲ್ಲ, ಕೂರಿಸಿದರೆ ಎರಡನೆಯವರು ಬಾಯಿ ತೆರೆಯುವುದಿಲ್ಲ. ದುಡಿಯುವ ಹೆಂಗಸರಿಗೆ ಬಿಡುವಾಗುವುದು ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ, ಹಾಗಾಗಿ ಹೊತ್ತೂ ಅದೇ.

ಜಯನಗರದ ಬಾಡಿಗೆ ಮನೆಯೊಂದರಲ್ಲಿ ಅವತ್ತು ಎಂಟು ಹೆಂಗಸರು ಸೇರಿದರು. ಅಂಜನಾ ಯಾವಾಗಲೂ ಹೇಳುವ ಮಾತನ್ನೇ ಹೇಳಿದಳು: "ಮೂಲೇಲಿ ಕ್ಯಾಮೆರಾ ಇದೆ. ಪಕ್ಕದ ರೂಮಲ್ಲಿ ಕಂಪನಿಯವರು ಕೂತು ನೋಡ್ತಿದ್ದಾರೆ. ಅವರು ಕಲಿಯೋಕೆ ಮಾತ್ರ ಈ ವಿಡಿಯೋ. ಬೇರೆ ಯಾರಿಗೂ ಹೋಗಲ್ಲ. ಅದಕ್ಕೆ ನಾನು ಜವಾಬ್ದಾರಿ."

ಅವರಲ್ಲಿ ರೇಣವ್ವ ಅನ್ನುವವರಿದ್ದರು. ಗದಗದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಹುಡುಗಿಯರು ಬಾಡಿಗೆಗಿರುವ ಲೇಡೀಸ್ ಪಿಜಿಯೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದವರು ಒಮ್ಮೆಲೇ ಹೇಳಿದರು: "ನಾ ನಗೂದು ಬಿಟ್ಟು ಭಾಳ ದಿನಾ ಆತ್ರಿ. ನಕ್ಕರ ಹನಿ ಬೀಳ್ತೈತಿ. ಹುಡುಗ್ಯಾರು ಏನರ ಚ್ಯಾಷ್ಟಿ ಮಾಡಿದ್ರ ಅಡಗಿಮನಿ ಬಾಗಲಾ ಹಾಕ್ಕೊಂತೀನಿ."

ಪಕ್ಕದಲ್ಲಿದ್ದವರು ಮೆಲ್ಲಗೆ "ನಂಗೂ ಹಂಗೇ ಕಣಕ್ಕ" ಅಂದರು. ಆಮೇಲೆ ಒಬ್ಬೊಬ್ಬರದೂ ಹೊರಬಂತು. ಧೈರ್ಯ ಬಂದ ರೇಣವ್ವ ಎದ್ದು ನಿಂತು, ರೊಟ್ಟಿ ಬಡಿಯುವಾಗ ಸೀನು ಬಂದರೆ ಹೇಗೆ ಕಾಲಿಗೆ ಕಾಲು ಹೆಣೆದು, ಕಟ್ಟೆ ಹಿಡಿದು, ತಿರುಚಿಕೊಂಡು ನಿಲ್ಲುತ್ತೇನೆ ಅಂತ ಮಾಡಿ ತೋರಿಸಿದರು. ಎಲ್ಲರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದು ಒಂದೇ ಕಷ್ಟ ಉಂಡವರ ನಗು. ಇಷ್ಟು ವರ್ಷದಲ್ಲಿ ಇಂಥ ಗ್ರೂಪ್ ನಡೆಸಿರಲಿಲ್ಲ ಅಂತ ಅಂಜನಾ ಅವತ್ತು ಮನೆಯಲ್ಲಿ ಹೇಳಿಕೊಂಡಳು.

ಎರಡು ತಿಂಗಳ ಮೇಲೆ ರೇಣವ್ವನ ಫೋನ್ ಬಂತು.

"ಮೇಡಂ, ಬ್ಯಾರೆ ಯಾರಿಗೂ ಹೋಗೂದಿಲ್ಲ ಅಂದಿದ್ರಿ. ಈಗ ನಮ್ಮ ಪಿಜಿ ಹುಡುಗ್ಯಾರ ಫೋನಿನಾಗ ನಾ ಕುಣ್ಯಾಕತ್ತೀನಿ."

ಅಂಜನಾ ವಿಡಿಯೋ ತರಿಸಿಕೊಂಡು ನೋಡಿದಳು. ತಲಘಟ್ಟಪುರದ ಆಚೆ ಯಾವುದೋ ರೆಸಾರ್ಟಿನಲ್ಲಿ ಕಂಪನಿಯ ಮಾರಾಟಗಾರರ ಸಭೆ. ದೊಡ್ಡ ಪರದೆಯ ಮೇಲೆ ರೇಣವ್ವ. ಹಿಂದೆ ಡೋಲಿನ ಸದ್ದು, ಕೆಳಗೆ 'ರೊಟ್ಟಿ ಆಂಟಿ ಡ್ಯಾನ್ಸ್' ಅನ್ನುವ ಅಕ್ಷರ. ಅದೇ ತಿರುಚುವಿಕೆಯನ್ನು ಮತ್ತೆ ಮತ್ತೆ ಓಡಿಸಿದ್ದರು. ಗಂಡಸರು ಶಿಳ್ಳೆ ಹಾಕುತ್ತಿದ್ದರು. ಅಲ್ಲಿದ್ದವರೇ ಯಾರೋ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರು.

ಅಂಜನಾ ಸಿಟ್ಟಿನಲ್ಲೇ ಮೊದಲು ಬಸವಪ್ರಸಾದನ ಹತ್ತಿರ ಹೋದಳು.

"ಆಗಬಾರದಿತ್ತು ಮೇಡಂ," ಅಂದ ಅವನು. "ಆದ್ರೆ ಲೀಗಲಿ ಏನೂ ಪ್ರಾಬ್ಲಂ ಇಲ್ಲ. ವಿಡಿಯೋ ಬಳಸ್ಕೋಬಹುದು ಅನ್ನೋ ಫಾರಮ್ಮಿಗೆ ಎಲ್ಲರ ಹತ್ರಾನೂ ಸಹಿ ತಗೊಂಡಿದೀವಲ್ಲ."

"ಸಹಿ ತಗೊಂಡಿದ್ದು ಇಂಗ್ಲಿಷಲ್ಲಿ ಪ್ರಸಾದ್. ಮಾತು ಕೊಟ್ಟಿದ್ದು ಕನ್ನಡದಲ್ಲಿ. ಕೊಟ್ಟಿದ್ದು ನಾನು."

"ದೊಡ್ಡ ಕ್ಲೈಂಟು ಮೇಡಂ. ಸ್ವಲ್ಪ ಅರ್ಥ ಮಾಡ್ಕೊಳಿ."

"ಅರ್ಥ ಆಗಿದ್ದಕ್ಕೇ ಬಂದಿರೋದು."

ಅಲ್ಲಿಂದ ನೇರ ಜೆಪಿ ನಗರಕ್ಕೆ, ಕಂಪನಿಯ ಮಾರ್ಕೆಟಿಂಗ್ ನೋಡಿಕೊಳ್ಳುವ ಶರಣ್ ಹತ್ತಿರ. ಅವನು ನಗುನಗುತ್ತಲೇ ಎದ್ದು ಬಂದ. "ಮೇಡಂ, ಸೀರಿಯಸ್ ಆಗಿ ತಗೋಬೇಡಿ. ನಮ್ಮ ಟೀಮಿಗೆಲ್ಲ ಆ ಆಂಟಿ ಅಂದ್ರೆ ಸಖತ್ ಇಷ್ಟ. ಶಿ ಈಸ್ ಎ ಸ್ಟಾರ್."

"ಅವರ ಹೆಸರೇನು ಹೇಳಿ."

ಅವನು ಫೋನಿನಲ್ಲಿ ಏನೋ ಹುಡುಕತೊಡಗಿದ.

"ಎರಡು ಗಂಟೆ ಪಕ್ಕದ ರೂಮಲ್ಲಿ ಕೂತು ನೋಡಿದ್ರಿ. ಸಿನಿಮಾ ತರ ಕತ್ತರಿಸಿ, ಡೋಲು ಹಾಕಿ, ಊರೆಲ್ಲ ತೋರಿಸಿದ್ರಿ. ಹೆಸರು ಗೊತ್ತಿಲ್ವಾ?"

ವಿಡಿಯೋ ಅಳಿಸಲು ಎಲ್ಲರಿಗೂ ಹೇಳಬೇಕು, ಶರಣ್ ಖುದ್ದಾಗಿ ಹೋಗಿ ರೇಣವ್ವನ ಕ್ಷಮೆ ಕೇಳಬೇಕು ಅಂತ ಅಂಜನಾ ಪಟ್ಟು ಹಿಡಿದಳು. ಆಗಲಿ ಅಂದವನು ಮಾಡಿದ್ದೇನು? ಪಿಜಿಗೆ ಒಂದು ಪೆಟ್ಟಿಗೆ ಕಳಿಸಿದ. ರಿಬ್ಬನ್ ಕಟ್ಟಿದ ಪೆಟ್ಟಿಗೆ, ಒಳಗೆ ಅದೇ ಪ್ಯಾಡು. ಡೆಲಿವರಿಯವನು ಹುಡುಗಿಯರೆಲ್ಲ ತಿಂಡಿ ತಿನ್ನುವ ಹೊತ್ತಿಗೇ ತಂದು ಊಟದ ಹಾಲ್‌ನಲ್ಲಿ ಎಲ್ಲರೆದುರೇ ಇಟ್ಟು ಹೋದ.

ಅವತ್ತು ರೇಣವ್ವ ಅಳಲಿಲ್ಲ. ಅಂಜನಾಗೆ ಫೋನ್ ಮಾಡಿ, "ಆ ಆಫೀಸ್ ಎಲ್ಲೈತಿ ತೋರಸ್ರಿ" ಅಂದರು.

ಸೆಕ್ಯುರಿಟಿಯವನು ತಡೆಯಲು ನೋಡಿದ. ಅಂಜನಾ ಬಿಡಲಿಲ್ಲ. ಮೀಟಿಂಗ್ ರೂಮಿನಲ್ಲಿ ಶರಣ್ ಜೊತೆ ಇನ್ನೂ ನಾಲ್ಕೈದು ಜನ ಇದ್ದರು. ರೇಣವ್ವ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತರು.

"ಹಾಕ್ರಿ ಆ ವಿಡಿಯೋ. ನಾನೂ ನೋಡ್ತೀನಿ."

ಶರಣ್ ಪಕ್ಕದವರ ಮುಖ ನೋಡಿದ.

"ಹಾಕ್ರಿ ಅಂದ್ನೆಲ್ಲ? ಅಷ್ಟು ಮಂದಿ ನಡುವ ಹಾಕೀರಿ. ನನ್ನ ಮುಂದ ಹಾಕಾಕ ಏನಾಗೈತಿ? ಡೋಲು ಬಾರಸ್ರಿ, ಶಿಳ್ಳಿ ಹೊಡೀರಿ. ನಾ ಇಲ್ಲೇ ಕುಂತೀನಿ."

ಒಬ್ಬ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು. ಶರಣ್ ಮೇಜು ನೋಡುತ್ತಾ "ಸಾರಿ ಅಮ್ಮ" ಅಂದ.

"ಮ್ಯಾಲೆ ನೋಡಿ ಹೇಳ್ರಿ. ನನ್ನ ಹೆಸರು ರೇಣವ್ವ."

ಅವನು ತಲೆಯೆತ್ತಿದ. "ಸಾರಿ ರೇಣವ್ವ ಅವರೇ. ತಪ್ಪಾಯ್ತು." ಅಷ್ಟಾದ ಮೇಲೆ ರೇಣವ್ವ ಎದ್ದರು. ಅದೇ ದಿನ ಮಾರಾಟಗಾರರಿಗೆಲ್ಲ ವಿಡಿಯೋ ಅಳಿಸಬೇಕೆಂಬ ಆದೇಶ ಹೋಯಿತು. ಎಷ್ಟು ಜನ ಅಳಿಸಿದರು ಅಂತ ನೋಡುವವರು ಯಾರು? ಇವತ್ತಿಗೂ ಅದು ಯಾರದೋ ಫೋನಿನಲ್ಲಿ ಇದ್ದೇ ಇರುತ್ತದೆ.

ರೇಣವ್ವ ಆ ಪಿಜಿ ಬಿಟ್ಟು ಈಗ ಉತ್ತರಹಳ್ಳಿಯ ಒಂದು ಖಾನಾವಳಿಯಲ್ಲಿದ್ದಾರೆ. ಹುಡುಗಿಯರು ಏನಾದರೂ ಅಂದರಾ ಅಂತ ಅಂಜನಾ ಕೇಳಿದ್ದಕ್ಕೆ, "ಯಾರೂ ಏನೂ ಅನ್ಲಿಲ್ರಿ. ಅಂದಿದ್ರ ಜಗಳಾಡಿ ಅಲ್ಲೇ ಇರ್ತಿದ್ದೆ. ಸುಮ್ಮ ನೋಡ್ತಿದ್ರು" ಅಂದರು. ಅಂಜನಾ ಅವರನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇದಕ್ಕೆ ವ್ಯಾಯಾಮ ಇದೆ, ಚಿಕಿತ್ಸೆಯೂ ಇದೆ ಅಂತ ಅಲ್ಲಿ ಗೊತ್ತಾಯಿತು. ಉಳಿದ ಏಳು ಜನರಿಗೂ ಫೋನ್ ಮಾಡಿ ಆ ವಿಷಯ ತಿಳಿಸಿದಳು. ಪ್ಯಾಡ್ ಮಾರುವವರಿಗೆ ಇದು ಮೊದಲೇ ಗೊತ್ತಿತ್ತು, ಒಬ್ಬರೂ ಬಾಯಿಬಿಟ್ಟಿರಲಿಲ್ಲ ಅನ್ನುವುದು ಅವಳ ಸಿಟ್ಟಿಗೆ ಇನ್ನೊಂದು ಕಾರಣ.

ಬಸವಪ್ರಸಾದ್ ಆಮೇಲೆ ಅವಳನ್ನು ಕರೆಯಲಿಲ್ಲ. 'ಆ ಮೇಡಂ ಕ್ಲೈಂಟ್ ಜೊತೆ ಜಗಳಕ್ಕೆ ನಿಲ್ತಾರೆ' ಅನ್ನುವ ಸುದ್ದಿ ಬೇರೆ ಏಜೆನ್ಸಿಗಳಿಗೂ ಹಬ್ಬಿತು. ಕೆಲಸ ಕಡಿಮೆಯಾಗಿದೆ, ನಿಂತಿಲ್ಲ. ಈಗ ಯಾರೇ ಕರೆದರೂ ಅವಳದು ಒಂದೇ ಷರತ್ತು: ನೋಡಲು ಬರುವವರು ಮೊದಲು ಒಳಗೆ ಬಂದು, ಎಲ್ಲರ ಜೊತೆ ಕಾಫಿ ಕುಡಿದು, ತಮ್ಮ ಹೆಸರು ಹೇಳಿ, ಎದುರಿನವರ ಹೆಸರು ಕೇಳಿಕೊಂಡು ಹೋಗಬೇಕು. ಮೊನ್ನೆ ಒಬ್ಬ ಕ್ಲೈಂಟ್, "ಹಾಗೆ ಮಾಡಿದ್ರೆ ಅವರು ಫ್ರೀಯಾಗಿ ಮಾತಾಡಲ್ಲ ಮೇಡಂ" ಅಂದ.

"ಮಾತಾಡದಿದ್ರೆ ಬೇಡ ಬಿಡಿ," ಅಂದಳು ಅಂಜನಾ.