ಮೀಟರಮ್ಮನ ಕೈ

ನಮ್ಮ ಕೋಣೆಗೆ ಒಂದು ದಿನ ಭೂಮಿ ಉಳಿಸುವವಳನ್ನು ತಂದು ಬಿಟ್ಟರು. ನಾವೆಲ್ಲ ಕಳ್ಳತನ, ಹೊಡೆದಾಟ ಅಂತ ಮರ್ಯಾದೆಯಾಗಿ ಒಳಗೆ ಬಂದವರು. ಈಕೆ ಕಲ್ಲಿದ್ದಲು ಲಾರಿಗಳಿಗೆ ಅಡ್ಡ ಮಲಗಿ ಬಂದಿದ್ದಳು. ಲಾರಿಗಳು ಮಧ್ಯಾಹ್ನವೇ ಹೊರಟುಹೋದವು, ಈಕೆಗೆ ಒಂದು ವರ್ಷ ಸಜೆಯಾಯಿತು.

ಹೊರಗೆ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದಳಂತೆ. ಹಾಗಾಗಿ ನಮಗೆ ಮೀಟರಮ್ಮ. ತಣ್ಣೀರು, ಹರಕು ಚಾಪೆ, ಸಪ್ಪೆ ಊಟ, ಯಾವುದಕ್ಕೂ ಗೊಣಗಾಟವಿಲ್ಲ. "ಹೊರಗೂ ಹೀಗೇ ಬದುಕ್ತಿದ್ದೆ" ಅನ್ನುವಳು. ಹಾಗಾದರೆ ಸರ್ಕಾರ ಶಿಕ್ಷೆ ಕೊಟ್ಟದ್ದು ಯಾರಿಗೆ, ಅವಳ ಗೊರಕೆ ಕೇಳುವ ನಮಗಾ?

ಅವಳನ್ನು ಕಾಡುತ್ತಿದ್ದದ್ದು ಹಾಡುಹಗಲಲ್ಲಿ ಉರಿಯುವ ವರಾಂಡದ ದೀಪಗಳು. "ಸೂರ್ಯ ನೆತ್ತಿ ಮೇಲಿದ್ದಾನಲ್ರೇ!" ಎಂದು ಒದ್ದಾಡುವಳು.

"ಇಲ್ಲಿ ಸ್ವಿಚ್ ಮುಟ್ಟಬಾರ್ದು ಕಣಮ್ಮಾ" ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು.

ಭೇಟಿ ತಿಂಗಳಿಗೊಮ್ಮೆ. ಆ ಸಲ ಅವಳ ಮಗಳು ಹಸುಗೂಸನ್ನು ಎತ್ತಿಕೊಂಡು ಬರುವವಳಿದ್ದಳು. ಮೀಟರಮ್ಮ ಮೊಮ್ಮಗಳ ಮುಖವನ್ನೇ ಕಂಡಿರಲಿಲ್ಲ, ದಿನವೂ ಅದೇ ಜಪ. ಭೇಟಿಯ ಹಿಂದಿನ ದಿನ ವರಾಂಡ ಗುಡಿಸಲು ಹೋದ ಪುಣ್ಯಾತ್ಗಿತ್ತಿ ಸ್ವಿಚ್ಚುಗಳನ್ನೆಲ್ಲ ಪಟಪಟನೆ ಆರಿಸಿಬಿಟ್ಟಳು. ಅವುಗಳಲ್ಲಿ ಕ್ಯಾಮೆರಾದ್ದೂ ಇತ್ತು. ಸೈರನ್ ಕೂಗಿತು, ಕಾವಲಿನವರು ಲಾಠಿ ಹಿಡಿದು ಓಡಿಬಂದರು. ಜೈಲಿನಿಂದ ಪರಾರಿಯಾಗುವ ಸಂಚಂತೆ! ಮಂಡಿನೋವಿಗೆ ಮೆಟ್ಟಿಲು ಹತ್ತಲಾರದವಳ ಸಂಚು. ಭೇಟಿ ರದ್ದಾಯಿತು.

ಅವತ್ತು ಅವಳು ಗೋಡೆ ಕಡೆ ತಿರುಗಿ ಅತ್ತಳು. ಬಾಯಿಗೆ ಬಂದ ಬೈಗುಳವನ್ನು ನಾನು ನುಂಗಿಕೊಂಡೆ.

"ಇನ್ನು ಭೂಮಿ ಹೊತ್ತಿ ಉರಿದ್ರೂ ಸ್ವಿಚ್ ಮುಟ್ಟಲ್ಲ" ಅಂದಳು.

ಮುಂದಿನ ತಿಂಗಳು ಭೇಟಿ ಕೋಣೆಯ ನೆಲ ಒರೆಸುವ ಸರದಿ ನನ್ನದು. ಮೀಟರಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಬಂದಳು. ಕೂಸನ್ನು ಎತ್ತಿಕೊಳ್ಳಲು ಮಾತ್ರ ಅವು ಹೊರಬಂದವು. ಕೂಸು ಅಜ್ಜಿಯ ಮೂಗು ಹಿಡಿದು ಜಗ್ಗಿತು. ಅಜ್ಜಿ ಜಗ್ಗಿಸಿಕೊಂಡು ಕುಳಿತಳು.

ಮಗಳು ಮಾತ್ರ ಬೈದದ್ದೇ ಬೈದದ್ದು. "ಎಲ್ಲಾ ನಿನ್ನ ಹಾಳು ಚಟ ಅಮ್ಮಾ! ಚಿಕ್ಕಂದಿನಿಂದ ನಾವು ಕತ್ತಲಲ್ಲೇ ಉಂಡಿದ್ದು. ಬರೋ ತಿಂಗಳಾದ್ರೂ ಕೈ ಸುಮ್ನಿಟ್ಕೋ. ಇವಳಿಗೆ ಹಲ್ಲು ಬಂದಿರುತ್ತೆ, ನೋಡ್ಬೇಡ್ವಾ?"

"ಇಟ್ಕೋತೀನಿ ಮಗಳೇ."

ಗಂಟೆ ಹೊಡೆಯಿತು. ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ಕಣ್ಣೊರೆಸಿಕೊಂಡು ಹೊರಟಳು. ಬಾಗಿಲು ದಾಟುವಾಗ ತಿರುಗಿಯೂ ನೋಡದೆ, ಪಕ್ಕದ ಗೋಡೆಗೆ ಕೈ ಚಾಚಿ ಸ್ವಿಚ್ಚುಗಳನ್ನೆಲ್ಲ ಆರಿಸಿ ಹೋದಳು.

ಸೈರನ್ ಕೂಗತೊಡಗಿತು. ಮೀಟರಮ್ಮ ಮಂಡಿ ಹಿಡಿದುಕೊಂಡು ಎದ್ದಳು. "ನಾನೇ ಕಣ್ರೀ, ನಾನೇ ಆರಿಸಿದ್ದು" ಎನ್ನುತ್ತ ಎರಡೂ ಕೈ ಮೇಲೆತ್ತಿ ಕಾವಲಿನವರ ಕಡೆ ನಡೆದಳು.