ಆ ಸಿಲಿಕಾನ್ ಎಲ್ಲಿಂದ ಬಂತು

...ಇಲ್ಲ, ಎಣ್ಣೆಯ ಬಾಟಲಿಯನ್ನು ಬಸ್ಸಿನ ಮಾಲೀಕರೇ ತಂದುಕೊಟ್ಟರು ಎಂಬುದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಕೊರಿಯರಿನಲ್ಲಿ ಬಂದಿದ್ದರೂ ಬಂದಿತ್ತು. ತುರ್ಭೆಯ ನಮ್ಮ ಲ್ಯಾಬಿಗೆ ಬರುವ ಬಾಟಲಿಗಳೆಲ್ಲ ಒಂದೇ ಕಪ್ಪು. ಜೊತೆಗಿದ್ದ ಫಾರ್ಮ್ ಮಾತ್ರ ಚೆನ್ನಾಗಿ ನೆನಪಿದೆ. ಎಣ್ಣೆ ಎಷ್ಟು ಕಿಲೋಮೀಟರ್ ಓಡಿದೆ: ಖಾಲಿ. ನಡುವೆ ಎಷ್ಟು ಸುರಿದಿದ್ದಾರೆ: ಖಾಲಿ. ಇತ್ತೀಚಿನ ರಿಪೇರಿ: ಒಂದು ಗೀಟು.

ಎಂಜಿನ್ ಎಣ್ಣೆಯಲ್ಲಿ ಯಾವ ಲೋಹ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಒಳಗೆ ಏನು ಸವೆಯುತ್ತಿದೆ, ಯಾಕೆ ಸವೆಯುತ್ತಿದೆ ಎಂದು ನಾನು ಹೇಳಬೇಕು. ಈ ಬಾಟಲಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಸಿಲಿಕಾನ್ ಮೂರೂ ಏರಿದ್ದವು. ಕಬ್ಬಿಣ ಅಂದರೆ ಸಿಲಿಂಡರಿನ ಗೋಡೆ ಸವೆಯುತ್ತಿದೆ. ಸಿಲಿಕಾನ್ ಅಂದರೆ, ಸಾಮಾನ್ಯವಾಗಿ, ಧೂಳು. "ಧೂಳು ಒಳಗೆ ಹೋಗುತ್ತಿದೆ, ಏರ್ ಫಿಲ್ಟರ್ ಪರಿಶೀಲಿಸಿ" ಎಂದು ಬರೆದು ವಾಟ್ಸಾಪಿನಲ್ಲಿ ಕಳಿಸಿದೆ.

ಮಾಲೀಕರು ಉಡುಪಿ ಕಡೆಯವರು. ಠಾಣೆಯ ನೌಪಾಡಾದಲ್ಲಿ ಆಫೀಸು, ಕಂಪನಿಗಳಿಗೆ ಓಡುವ ಮೂರು ಸ್ಟಾಫ್ ಬಸ್ಸು. ಬಾಟಲಿಯ ಎಣ್ಣೆ ಅವುಗಳಲ್ಲಿ ಒಂದರದು. ತಕ್ಷಣ ಫೋನ್ ಬಂತು.

"ಇಷ್ಟೇ ಬೇಕಿದ್ದದ್ದು ಮಾರಾಯ್ರೆ! ಆ ಡ್ರೈವರ್ ಫಿಲ್ಟರ್ ಬಿಚ್ಚಿಯೇ ನೋಡುದಿಲ್ಲ ಅಂತ ನಾನು ಮೊದ್ಲಿಂದ ಹೇಳ್ತಾ ಇದ್ದೇನೆ. ಅವನನ್ನು ಕೆಲಸದಿಂದ ತೆಗಿತೇನೆ."

"ನಾನು ಫಿಲ್ಟರ್ ನೋಡಿ ಅಂತ ಬರೆದದ್ದು, ಡ್ರೈವರನ್ನು ನೋಡಿ ಅಂತಲ್ಲ" ಎಂದೆ. ಎಂದೆನೆ? ಸಂಜೆ ಠಾಣೆಯಲ್ಲಿ ರೈಲು ಬದಲಿಸಿ ಠಾಕುರ್ಲಿಯ ಮನೆಗೆ ನಿಂತುಕೊಂಡೇ ಹೋಗುವಾಗ ಹೊಳೆದ ಉತ್ತರವಿರಬಹುದು. ಫೋನಿನಲ್ಲಿ "ಸರಿ" ಎಂದಷ್ಟೇ ಹೇಳಿರಬಹುದು.

ಮರುದಿನ ಡ್ರೈವರ್ ಲ್ಯಾಬಿಗೇ ಬಂದರು. ವಿಜಯಪುರ ಕಡೆಯವರು, ಮನೆ ಕಲ್ಯಾಣದಲ್ಲಿ. ನನ್ನ ವರದಿಯ ಪ್ರಿಂಟು ಕೈಯಲ್ಲಿತ್ತು.

"ಅಕ್ಕಾರ, ನಾ ವಾರಕ್ಕೊಮ್ಮಿ ಫಿಲ್ಟರ್ ಬಿಚ್ಚಿ ಜಾಡಸ್ತೀನ್ರಿ. ಹ್ವಾದ ತಿಂಗಳ ಗ್ಯಾರೇಜಿನ್ಯಾಗ ಚೇಂಬರ್ ಬಿಚ್ಚಿ, ಪೇಸ್ಟ್ ಬಳದು ಕೂಡ್ಸ್ಯಾರ. ಅದು ಬರಂಗಿಲ್ಲೇನ್ರಿ ನಿಮ್ಮ ಟೆಸ್ಟಿನ್ಯಾಗ?"

ಬರುತ್ತದೆ. ಚೇಂಬರ್ ಎಂದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ. ಅದರ ಅಂಚಿಗೆ ಬಳಿಯುವ ಪೇಸ್ಟಿನಿಂದಲೂ ಸಿಲಿಕಾನ್ ಇಳಿಯುತ್ತದೆ. ಪೇಸ್ಟಿನದಾದರೆ ಜೊತೆಗೆ ಅಲ್ಯೂಮಿನಿಯಂ ಏರಬೇಕಿಲ್ಲ, ಧೂಳಿನದಾದರೆ ಏರುತ್ತದೆ, ಮಣ್ಣಿನಲ್ಲಿ ಅದೂ ಇರುತ್ತದೆ. ಏರಿತ್ತು. ಆದರೆ ಪಿಸ್ಟನ್ನೂ ಅಲ್ಯೂಮಿನಿಯಮ್ಮೇ, ಅದು ಸವೆದರೂ ಏರುತ್ತದೆ! ಇನ್ನೊಂದು, ಜಾಡಿಸಿ ಜಾಡಿಸಿ ಫಿಲ್ಟರಿನ ಕಾಗದ ಹರಿದು ಧೂಳು ನುಗ್ಗುವುದೂ ಉಂಟು. ಅದನ್ನು ಅವರಿಗೆ ಹೇಳಲಿಲ್ಲ. ಫಾರ್ಮಿನಲ್ಲಿ ರಿಪೇರಿಯ ಮುಂದಿದ್ದ ಆ ಒಂದು ಗೀಟಿನ ಬಗ್ಗೆ ಮೊದಲೇ ಫೋನ್ ಮಾಡಿ ಕೇಳದ ನನ್ನ ಮೇಲೇ ನನಗೆ ಸಿಟ್ಟು ಬಂದಿತ್ತು.

ಮಾಲೀಕರಿಗೆ ಹೇಳಿದೆ: ಇನ್ನೊಂದು ಮಾದರಿ ಕಳಿಸಿ, ಹಳೆಯ ಫಿಲ್ಟರನ್ನೂ ಕಳಿಸಿ, ಅಲ್ಲಿಯವರೆಗೆ ಡ್ರೈವರನ್ನು ತೆಗೆಯಬೇಡಿ. ಒಪ್ಪಿದರು. ಎರಡು ದಿನಕ್ಕೆ ಬಾಟಲಿ ಬಂತು. ಒಳಗೆ ಜೇನಿನ ಬಣ್ಣ. ಮಾಲೀಕರಿಗೆ ಫೋನ್ ಮಾಡಿದೆ.

"ಇದು ಹೊಸ ಎಣ್ಣೆ!"

"ಮತ್ತೆ? ಲ್ಯಾಬಿಗೆ ಕೊಡ್ಲಿಕ್ಕೆ ಅಂತ ಒಳ್ಳೆ ಎಣ್ಣೆಯೇ ಹಾಕಿಸಿ ತೆಗೆಸಿದ್ದು. ಆ ಕೊಳಕು ಕಳಿಸಿದ್ರೆ ನಿಮಗೂ ಬೇಜಾರಲ್ವಾ?"

"ಹಳೆಯ ಫಿಲ್ಟರ್?"

"ಗುಜರಿಯವ ತಗೊಂಡು ಹೋದ. ಹೊಸತು ಹಾಕಿದ್ದೇನೆ, ಫಸ್ಟ್ ಕ್ಲಾಸ್."

ರಕ್ತ ಪರೀಕ್ಷೆಗೆ ಸ್ನಾನ ಮಾಡಿ ಹೋಗುವುದು ಸರಿ, ರಕ್ತವನ್ನೇ ಬದಲಿಸಿಕೊಂಡು ಹೋಗುವುದೆ? ಇದನ್ನಂತೂ ಫೋನಿನಲ್ಲೇ ಹೇಳಿದೆ. ಅವರು ನಕ್ಕರು. ನನ್ನನ್ನು ಮೆಚ್ಚಿಸಲೆಂದೇ ಮಾಡಿದ್ದರು, ಬೈಯಲೂ ಆಗಲಿಲ್ಲ.

ವರದಿ ತಿದ್ದಿ ಕಳಿಸಿದೆ: ಮೊದಲ ಮಾದರಿಯ ಸಿಲಿಕಾನ್ ಧೂಳಿನದೋ ಪೇಸ್ಟಿನದೋ ಹೇಳಲಾಗದು, ಎರಡನೆಯ ಮಾದರಿ ನಿರುಪಯುಕ್ತ. ಮಾಲೀಕರ ಫೋನ್ ಮತ್ತೆ ಬಂತು.

"ಅಂದ್ರೆ ಅವನ ತಪ್ಪಿಲ್ಲ ಅಂತ ನೀವು ಬರೀಲಿಲ್ಲ, ಅಲ್ವಾ?"

"ತಪ್ಪಿದೆ ಅಂತಲೂ ಬರೆದಿಲ್ಲ."

"ಅದೇ, ಅದೇ. ಆಯ್ತು, ಬಿಡಿ."

ಡ್ರೈವರನ್ನು ಆ ವಾರವೇ ತೆಗೆದರು. ಎಂಜಿನ್ ಸವೆದದ್ದು ನಿಜ. ಯಾಕೆ ಸವೆಯಿತು ಎಂದು ನನಗೆ ಗೊತ್ತಿಲ್ಲ. ಡ್ರೈವರ್ ಫಿಲ್ಟರ್ ಬಿಚ್ಚುತ್ತಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ.